ಎಂಬತ್ತು ಆಂಪಿಯರ್‌ಗಳ ಬೆಳಕು: ನೀಲ್ಸ್ ರೈಬರ್ಗ್ ಫಿನ್ಸೆನ್ (1860–1904)

ನೇರಳಾತೀತ ಬೆಳಕಿನ ಪುಟ್ಟ ಪೆಟ್ಟಿಗೆಗಳು ಈಗ ಮನೆಗಳೊಳಕ್ಕೆ ಬಂದಿವೆ. ತ್ರಿ-ಡಿ ಮುದ್ರಕದಿಂದ ಹೊರಬಂದ ಹಸಿ ರಾಳದ ವಸ್ತುವನ್ನು ಗಟ್ಟಿಗೊಳಿಸಲು ಎಲ್‌ಇಡಿ ಪಟ್ಟಿ, ಅಡಾಪ್ಟರ್, ಫ್ಯಾನುಗಳನ್ನು ಜೋಡಿಸಿ ಇಂತಹ ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುವ ಉತ್ಸಾಹಿಗಳು ನಮ್ಮ ಅನಿವಾಸಿ ಕನ್ನಡಿಗರಲ್ಲಿಯೂ ಇದ್ದಾರೆ. ಕಟ್ಟುವ ಮುನ್ನ ಅವರಿಗೆ ಎದುರಾಗುವ ಪ್ರಶ್ನೆಗಳು ನಾಲ್ಕು: ಎಷ್ಟು ವಿದ್ಯುತ್ ಬೇಕು, ತಂತಿ ಎಷ್ಟು ದಪ್ಪವಿರಬೇಕು, ಹುಟ್ಟುವ ಶಾಖವನ್ನು ಎಲ್ಲಿಗೆ ಕಳುಹಿಸಬೇಕು, ಕಣ್ಣು ಮತ್ತು ಚರ್ಮವನ್ನು ಹೇಗೆ ಕಾಯಬೇಕು. ಸುಮಾರು 130 ವರ್ಷಗಳ ಹಿಂದೆ ಕೋಪನ್‌ಹೇಗನ್ ನಗರದಲ್ಲಿ ಇವೇ ನಾಲ್ಕು ಪ್ರಶ್ನೆಗಳನ್ನು ಒಬ್ಬ ವೈದ್ಯರು, ಮನುಷ್ಯರ ಮುಖವನ್ನೇ ತಿನ್ನುತ್ತಿದ್ದ ರೋಗವೊಂದಕ್ಕಾಗಿ, ಬಿಡಿಸಬೇಕಾಯಿತು. ಅವರೇ ನೀಲ್ಸ್ ರೈಬರ್ಗ್ ಫಿನ್ಸೆನ್. 1903ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಅವರದು. ಆ ಪಾರಿತೋಷಕವನ್ನು ಪಡೆದ ಮೊದಲ ಡೇನಿಷ್ ಪ್ರಜೆಯೂ ಅವರೇ. ವೈದ್ಯನಾಗಿ ನನ್ನನ್ನು ಅವರ ಬದುಕು ಬಹುಕಾಲದಿಂದ ಸೆಳೆದಿದೆ. ಅದಕ್ಕೆ ಕಾರಣ ಪಾರಿತೋಷಕವಲ್ಲ. ಇತರರ ರೋಗಕ್ಕೆ ಅಪಾರ ಶಕ್ತಿಯನ್ನು ಹೊಂದಿಸಿಕೊಟ್ಟ ಈ ವ್ಯಕ್ತಿಯ ಸ್ವಂತ ದೇಹದಲ್ಲಿ ಶಕ್ತಿಯೇ ಇರಲಿಲ್ಲ ಎಂಬ ಸಂಗತಿ.

ದ್ವೀಪದ ಬಾಲಕ

ಫಿನ್ಸೆನ್ ಹುಟ್ಟಿದ್ದು 1860ರ ಡಿಸೆಂಬರ್ 15ರಂದು, ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳ ತೋರ್ಶಾವ್ನ್ ಪಟ್ಟಣದಲ್ಲಿ. ಮಂಜು, ಮಳೆ ಮತ್ತು ಗಾಳಿಯ ಆ ನಾಡಿನಲ್ಲಿ ಬಿಸಿಲು ಅಪರೂಪದ ಅತಿಥಿ. ತಂದೆ ಹನ್ನೆಸ್ ಫಿನ್ಸೆನ್ ಐಸ್‌ಲ್ಯಾಂಡ್ ಮೂಲದ ಮನೆತನದವರು, ದ್ವೀಪಗಳ ಆಡಳಿತಾಧಿಕಾರಿಯಾಗಿದ್ದರು. ನೀಲ್ಸ್ ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು.

ವಿದ್ಯಾಭ್ಯಾಸದಲ್ಲಿ ಮುಂದೆ ಬರುವ ಲಕ್ಷಣಗಳೇನೂ ಈ ಬಾಲಕನಲ್ಲಿ ಕಾಣಿಸಲಿಲ್ಲ. ಡೆನ್ಮಾರ್ಕಿನ ಹರ್ಲುಫ್ಸ್‌ಹೋಮ್ ವಸತಿಶಾಲೆಯ ಮುಖ್ಯಸ್ಥರು, ಹುಡುಗನ ಮನಸ್ಸು ಒಳ್ಳೆಯದು, ಆದರೆ ಬುದ್ಧಿಯೂ ಚೈತನ್ಯವೂ ಸಾಲದು ಎಂಬ ಅಭಿಪ್ರಾಯವಿತ್ತರು. 1876ರಲ್ಲಿ ಅವನನ್ನು ತಂದೆಯ ಮೂಲ ನಾಡಾದ ಐಸ್‌ಲ್ಯಾಂಡಿನ ರೇಕ್ಯಾವಿಕ್ ಶಾಲೆಗೆ ಸೇರಿಸಲಾಯಿತು. ಅಲ್ಲಿ ಉತ್ತೀರ್ಣರಾದ 15 ಮಂದಿಯಲ್ಲಿ ಅವನ ಸ್ಥಾನ 11ನೆಯದು. 1882ರಲ್ಲಿ ವೈದ್ಯಕೀಯ ವ್ಯಾಸಂಗಕ್ಕಾಗಿ ಕೋಪನ್‌ಹೇಗನ್ನಿಗೆ ಬಂದು, 1890ರಲ್ಲಿ ಪದವಿ ಪಡೆದು, ಅಂಗರಚನಾಶಾಸ್ತ್ರ ವಿಭಾಗದಲ್ಲಿ ಶವಚ್ಛೇದನವನ್ನು ತೋರಿಸಿಕೊಡುವ ಸಹಾಯಕ ಹುದ್ದೆಗೆ ಸೇರಿದರು. 1892ರ ಡಿಸೆಂಬರಿನಲ್ಲಿ ಇಂಗೆಬೋರ್ಗ್ ಬಾಲ್ಸ್‌ಲೆವ್ ಅವರೊಡನೆ ವಿವಾಹವಾಯಿತು.

ರೋಗಿ ಮತ್ತು ಬಿಸಿಲು

ವ್ಯಾಸಂಗದ ದಿನಗಳಲ್ಲಿಯೇ, 1883ರ ಸುಮಾರಿಗೆ, ರೋಗದ ಮೊದಲ ಚಿಹ್ನೆಗಳು ಕಾಣಿಸಿಕೊಂಡವು. ಹೃದಯದ ಹೊರಪೊರೆ, ಯಕೃತ್ತಿನ ಮತ್ತು ಗುಲ್ಮದ ಮೇಲಿನ ಪೊರೆಗಳು ಕ್ರಮೇಣ ದಪ್ಪಗಟ್ಟಿ ಗಡುಸಾಗುವ ಕಾಯಿಲೆ ಅದು. ಗಡುಸಾದ ಚೀಲದೊಳಗೆ ಹೃದಯ ಅರಳಲಾರದು. ರಕ್ತ ಹಿಂದೆ ನಿಲ್ಲುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಇಂದಾದರೆ ಶಸ್ತ್ರಚಿಕಿತ್ಸಕರು ಆ ಪೊರೆಯನ್ನು ಸುಲಿದು ತೆಗೆಯಬಲ್ಲರು. ಅಂದು ಆ ಉಪಾಯವಿರಲಿಲ್ಲ. ಜಲೋದರ ಹೆಚ್ಚಿದಾಗಲೆಲ್ಲ ಸೂಜಿ ಚುಚ್ಚಿ ನೀರು ತೆಗೆಯುವುದೊಂದೇ ದಾರಿ.

ಉತ್ತರಕ್ಕೆ ಮುಖಮಾಡಿದ ಕೋಣೆಯಲ್ಲಿ ವಾಸಿಸುತ್ತಿದ್ದ ಫಿನ್ಸೆನ್, ತಮ್ಮ ನಿತ್ರಾಣ ಬಿಸಿಲಿಗೆ ಹೋದಾಗ ಕಡಿಮೆಯಾಗುವುದನ್ನು ಗಮನಿಸಿದರು. ಮನೆಯ ಮಾಡಿನ ಮೇಲೆ ಮಲಗಿದ್ದ ಬೆಕ್ಕೊಂದು, ನೆರಳು ತನ್ನತ್ತ ಸರಿದಾಗಲೆಲ್ಲ ಎದ್ದು ಬಿಸಿಲಿಗೆ ಜರುಗುತ್ತಿದ್ದುದೂ ಅವರ ಕಣ್ಣಿಗೆ ಬಿತ್ತು. ಇಂತಹುದನ್ನು ನೋಡದವರಾರು? ಆದರೆ ಅವರು ಇದನ್ನು ಪ್ರಶ್ನೆಯಾಗಿಸಿದರು: ಬೆಳಕು ದೇಹಕ್ಕೆ ಏನು ಮಾಡುತ್ತದೆ, ಮತ್ತು ಅದರ ಯಾವ ಅಂಶ ಅದನ್ನು ಮಾಡುತ್ತದೆ?

ಮೊದಲ ಪ್ರಯೋಗ ಅವರದೇ ತೋಳಿನ ಮೇಲೆ ನಡೆಯಿತು. ಮುಂದೋಳಿನಲ್ಲಿ ಕಪ್ಪು ಮಸಿಯಿಂದ ಒಂದು ಪಟ್ಟಿ ಬಳಿದು ಬಿಸಿಲಿಗೆ ಒಡ್ಡಿದರು. ಸುತ್ತಲಿನ ಚರ್ಮ ಕೆಂಪಾಗಿ ಉರಿಯಿತು. ಮಸಿಯ ಕೆಳಗಿನ ಚರ್ಮ ಬೆಳ್ಳಗೆ ಉಳಿಯಿತು. ಸುತ್ತಲಿನ ಚರ್ಮ ಕಂದಿದ ಮೇಲೆ, ಮಸಿ ಒರೆಸಿ ಮತ್ತೆ ಬಿಸಿಲಿಗೆ ಹಿಡಿದರೆ ಈ ಬಾರಿ ಬೆಳ್ಳಗಿದ್ದ ಪಟ್ಟಿಯೇ ಸುಟ್ಟಿತು, ಕಂದಿದ ಭಾಗ ಉಳಿದುಕೊಂಡಿತು. ಚರ್ಮದ ಬಣ್ಣ ಒಂದು ಕವಚ ಎಂಬುದಕ್ಕೆ ಇದಕ್ಕಿಂತ ಅಗ್ಗದ, ಸ್ಪಷ್ಟವಾದ ಪ್ರಯೋಗ ಬೇಕಿಲ್ಲ. ಬಿಸಿಲ ಸುಡುವಿಕೆಗೆ ಶಾಖ ಕಾರಣವಲ್ಲ, ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳು ಕಾರಣ ಎಂಬುದು ಅವರ ವಾದದ ತಳಹದಿಯಾಯಿತು. ಯೋಹಾನ್ ರಿಟ್ಟರ್ 1801ರಲ್ಲಿಯೇ ಬೆಳ್ಳಿಯ ಲವಣವನ್ನು ಕಪ್ಪಾಗಿಸುವ ಈ ಕಾಣದ ಕಿರಣಗಳನ್ನು ಗುರುತಿಸಿದ್ದರು; ಡೌನ್ಸ್ ಮತ್ತು ಬ್ಲಂಟ್ 1877ರಲ್ಲಿ ಬೆಳಕು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದನ್ನು ತೋರಿಸಿದ್ದರು. ಇವೆರಡನ್ನೂ ರೋಗಿಯ ಚರ್ಮಕ್ಕೆ ತಂದವರು ಫಿನ್ಸೆನ್.

1893ರಲ್ಲಿ ಅವರು ಮಂಡಿಸಿದ ಮೊದಲ ಚಿಕಿತ್ಸೆ ಬೆಳಕನ್ನು ತಡೆಯುವುದಾಗಿತ್ತು. ಸಿಡುಬಿನ ರೋಗಿಯನ್ನು ಕೆಂಪು ಪರದೆಯ ಕೋಣೆಯಲ್ಲಿಟ್ಟು, ಉರಿಯೂತ ಹೆಚ್ಚಿಸುವ ಕಿರಣಗಳನ್ನು ದೂರವಿಟ್ಟರೆ ಕಲೆಗಳು ಕಡಿಮೆಯಾಗುವುವು ಎಂದರು. ನಾರ್ವೆಯ ಬರ್ಗೆನ್ ನಗರದಲ್ಲಿ ಅದೇ ವರ್ಷ ಪ್ರಯೋಗ ನಡೆದು, ಆಶಾದಾಯಕ ವರದಿ ಬಂದಿತು. ಆದರೆ ಮುಂದೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಈ ಕೆಂಪು ಕೋಣೆ ಗಟ್ಟಿಯಾಗಿ ನಿಲ್ಲಲಿಲ್ಲ. ಅವರ ಕೀರ್ತಿ ನಿಂತಿರುವುದು ಎರಡನೆಯ ಚಿಕಿತ್ಸೆಯ ಮೇಲೆ.

ತೋಳನ ಹೆಸರಿನ ರೋಗ

ಲೂಪಸ್ ವಲ್ಗಾರಿಸ್ ಎಂಬುದು ಚರ್ಮದ ಕ್ಷಯ. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಯುರೋಪಿನಲ್ಲಿ ಈ ರೋಗ ಹೆಚ್ಚಾಗಿ ಮುಖವನ್ನೇ ಹಿಡಿಯುತ್ತಿತ್ತು. ಮೂಗು, ಕೆನ್ನೆ, ತುಟಿಗಳನ್ನು ವರ್ಷಗಟ್ಟಲೆ ನಿಧಾನವಾಗಿ ಸವೆಸುತ್ತಿತ್ತು. ರೋಗಿ ಸಾಯುತ್ತಿರಲಿಲ್ಲ; ಕೆಲಸ, ಮದುವೆ, ನೆರೆಹೊರೆಗಳನ್ನೆಲ್ಲ ಕಳೆದುಕೊಂಡು ಬದುಕಿರುತ್ತಿದ್ದ. ಕೆರೆದು ತೆಗೆಯುವುದು, ಸುಡುವುದು ಅಂದಿನ ಚಿಕಿತ್ಸೆಗಳು. ರೋಗ ಮರುಕಳಿಸುತ್ತಿತ್ತು, ಗಾಯದ ಕಲೆ ಮಾತ್ರ ಉಳಿಯುತ್ತಿತ್ತು. ಕರ್ನಾಟಕದಲ್ಲಿ ನಾನು ವೈದ್ಯಕೀಯ ಕಲಿಯುತ್ತಿದ್ದ ಕಾಲದಲ್ಲಿ ಚರ್ಮರೋಗ ವಿಭಾಗದ ಹೊರರೋಗಿಗಳಲ್ಲಿ ಈ ರೋಗವನ್ನು ಕಂಡಿದ್ದೇನೆ. ನಮ್ಮಲ್ಲಿ ಅದು ಮುಖಕ್ಕಿಂತ ಪೃಷ್ಠ, ಮೊಣಕಾಲುಗಳ ಮೇಲೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆರು ತಿಂಗಳ ಮಾತ್ರೆಗಳಿಂದ ಅದು ಮಾಯುವುದನ್ನು ನೋಡಿದವರಿಗೆ, ಮಾತ್ರೆಯೇ ಇಲ್ಲದ ಕಾಲದ ಹತಾಶೆಯನ್ನು ಊಹಿಸುವುದು ಕಷ್ಟ.

ಕ್ಷಯಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದ್ದರು. ಬೆಳಕು ಅಣುಜೀವಿಯನ್ನು ಕೊಲ್ಲುವುದಾದರೆ, ಚರ್ಮದೊಳಗಿರುವ ಕ್ಷಯಾಣುವನ್ನೂ ಕೊಲ್ಲಬಹುದಲ್ಲವೇ ಎಂದು ಫಿನ್ಸೆನ್ ಯೋಚಿಸಿದರು. ಅಡ್ಡಿ ಎರಡಿದ್ದವು. ಬೆಳಕು ತೀಕ್ಷ್ಣವಾಗಿರಬೇಕು, ಆದರೆ ಚರ್ಮ ಬೇಯಬಾರದು. ಮತ್ತು ಬೆಳಕು ಚರ್ಮದ ಆಳಕ್ಕೆ ಇಳಿಯಬೇಕು, ಆದರೆ ರಕ್ತ ಈ ಕಿರಣಗಳನ್ನು ಹೀರಿಬಿಡುತ್ತದೆ. ಎರಡನೆಯದನ್ನು ಅವರು ಸರಳವಾಗಿ ಪರೀಕ್ಷಿಸಿದರು. ಕಿವಿಯ ಹಾಲೆಯ ಹಿಂದೆ ಬೆಳಕಿಗೆ ಕಪ್ಪಾಗುವ ಕಾಗದವನ್ನಿಟ್ಟು ಮುಂದಿನಿಂದ ಬೆಳಕು ಬಿಟ್ಟರೆ, ನಿಮಿಷಗಳು ಕಳೆದರೂ ಕಾಗದ ಬದಲಾಗಲಿಲ್ಲ. ಕಿವಿಯನ್ನು ಗಾಜುಗಳ ನಡುವೆ ಒತ್ತಿ ರಕ್ತವನ್ನು ಹೊರದೂಡಿದಾಗ ಕೆಲವೇ ಸೆಕೆಂಡುಗಳಲ್ಲಿ ಕಪ್ಪಾಯಿತು. ಬೆಳಕು ಬೀಳುವಾಗ ಚರ್ಮವನ್ನು ಒತ್ತಿ ಹಿಡಿಯಬೇಕೆಂಬ ನಿಯಮ ಹೀಗೆ ಸಿದ್ಧವಾಯಿತು.

ಬೆಳಕಿಗೆ ಮೊದಲು ಸೂರ್ಯನನ್ನೇ ಬಳಸಿದರು. ಮಸೂರದ ಟೊಳ್ಳಿನಲ್ಲಿ ತಾಮ್ರದ ನೀಲಿ ದ್ರಾವಣ ತುಂಬಿ ಶಾಖದ ಕಿರಣಗಳನ್ನು ಸೋಸಿದರು. ಆದರೆ ಕೋಪನ್‌ಹೇಗನ್ನಿನ ಚಳಿಗಾಲದಲ್ಲಿ ಸೂರ್ಯನನ್ನು ನೆಚ್ಚಿಕೊಂಡು ಆಸ್ಪತ್ರೆ ನಡೆಸಲಾಗದು. ನಗರಕ್ಕೆ 1892ರಲ್ಲಿ ವಿದ್ಯುತ್ ಕೇಂದ್ರ ಬಂದಿತ್ತು. 1895ರ ನವೆಂಬರಿನಲ್ಲಿ, ಮುಖದ ಲೂಪಸ್‌ನಿಂದ ಬಹುಕಾಲ ನರಳಿದ್ದ ನೀಲ್ಸ್ ಮೋಗೆನ್ಸೆನ್ ಎಂಬ ಎಂಜಿನಿಯರರ ಕೆನ್ನೆಯ ಮೇಲೆ, ಆ ವಿದ್ಯುತ್ ಕೇಂದ್ರದಲ್ಲಿಯೇ ಆರ್ಕ್ ದೀಪದ ಬೆಳಕು ಬಿದ್ದಿತು. ದಿನಕ್ಕೆ ಎರಡು ಗಂಟೆಗಳಂತೆ ನಡೆದ ಚಿಕಿತ್ಸೆಯಲ್ಲಿ ಗಾಯ ಮಾಯತೊಡಗಿತು.

ವಿದ್ಯುತ್ತಿನ ಲೆಕ್ಕಾಚಾರ

ಚಿಕಿತ್ಸೆ ಆಸ್ಪತ್ರೆಯಲ್ಲಿ ಆರಂಭವಾಗದೆ ವಿದ್ಯುತ್ ಕೇಂದ್ರದಲ್ಲಿ ಏಕೆ ಆರಂಭವಾಯಿತು ಎಂಬುದು ಆ ದೀಪದ ಹಸಿವನ್ನು ತಿಳಿದರೆ ಅರ್ಥವಾಗುತ್ತದೆ. ಆರ್ಕ್ ದೀಪದಲ್ಲಿ ಎರಡು ಇಂಗಾಲದ ಕಡ್ಡಿಗಳನ್ನು ಮುಟ್ಟಿಸಿ, ತುಸು ದೂರ ಸರಿಸಿದಾಗ ನಡುವೆ ಉರಿಯುವ ಚಾಪ ಹುಟ್ಟುತ್ತದೆ. ನೇರ ವಿದ್ಯುತ್ ಪ್ರವಾಹದಲ್ಲಿ ಧನ ಕಡ್ಡಿಯ ತುದಿ ಕುಳಿಬಿದ್ದು, ಬೆಳಕಿನ ಬಹುಪಾಲು ಆ ಒಂದೇ ಕುಳಿಯಿಂದ ಹೊಮ್ಮುತ್ತದೆ. ಒಂದೇ ಬಿಂದುವಿನ ಬೆಳಕನ್ನು ಮಸೂರದಿಂದ ಕೂಡಿಸುವುದು ಸುಲಭ. ಪರ್ಯಾಯ ಪ್ರವಾಹದಲ್ಲಿ ಬೆಳಕು ಎರಡು ಕಡ್ಡಿಗಳಿಗೂ ಹಂಚಿಹೋಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ನೇರ ಪ್ರವಾಹವೇ ಬೇಕಿತ್ತು.

ಫಿನ್ಸೆನ್‌ರ ದೊಡ್ಡ ದೀಪ ಸುಮಾರು 50 ವೋಲ್ಟ್‌ಗಳಲ್ಲಿ 50ರಿಂದ 80 ಆಂಪಿಯರ್ ಎಳೆಯುತ್ತಿತ್ತು. 50 ವೋಲ್ಟ್‌ಗಳನ್ನು 80 ಆಂಪಿಯರ್‌ಗಳಿಂದ ಗುಣಿಸಿದರೆ 4000 ವ್ಯಾಟ್. ಇದು ಚಾಪದ ಬಳಕೆ ಮಾತ್ರ. ಚಾಪಕ್ಕೆ ಒಂದು ವಿಚಿತ್ರ ಗುಣವಿದೆ: ಪ್ರವಾಹ ಹೆಚ್ಚಿದಷ್ಟೂ ಅದರ ರೋಧ ಕುಸಿಯುತ್ತದೆ. ನೇರವಾಗಿ ಜಾಲಕ್ಕೆ ಜೋಡಿಸಿದರೆ ಪ್ರವಾಹ ಏರುತ್ತಲೇ ಹೋಗಿ ತಂತಿ ಕರಗುತ್ತದೆ. ಅದಕ್ಕಾಗಿ ಸರಣಿಯಲ್ಲಿ ರೋಧಕವನ್ನಿಡಲೇಬೇಕು. ಜಾಲ 110 ವೋಲ್ಟ್ ಎಂದಿಟ್ಟುಕೊಂಡರೆ, ಉಳಿದ 60 ವೋಲ್ಟ್ ಆ ರೋಧಕದ ಪಾಲು. 80 ಆಂಪಿಯರ್‌ಗಳಲ್ಲಿ ಅದು 4800 ವ್ಯಾಟ್. ಬೆಳಕಿಗೆ ಹೋದುದಕ್ಕಿಂತ ಹೆಚ್ಚು ಶಕ್ತಿ ಬರೀ ಶಾಖವಾಗಿ ಕಳೆದುಹೋಗುತ್ತದೆ. ತಂತಿಯೂ ಅಷ್ಟೇ ಮುಖ್ಯ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 5 ಆಂಪಿಯರ್ ಹರಿಯುವ ತಂತಿಯಲ್ಲಿ 80 ಆಂಪಿಯರ್ ಹರಿಸಿದರೆ ಶಾಖ 16 ಪಟ್ಟಲ್ಲ, 256 ಪಟ್ಟು.

ಇಷ್ಟು ದುಬಾರಿ ಬೆಳಕನ್ನು ಒಬ್ಬ ರೋಗಿಗೆ ವ್ಯಯಿಸುವಂತಿರಲಿಲ್ಲ. ನಡುವೆ ತೂಗುವ ಒಂದೇ ಆರ್ಕ್, ಅದರಿಂದ ಕೆಳಮುಖವಾಗಿ ನಾಲ್ಕು ದಿಕ್ಕಿಗೆ ಚಾಚಿದ ದೂರದರ್ಶಕದಂತಹ ನಾಲ್ಕು ಕೊಳವೆಗಳು, ಪ್ರತಿ ಕೊಳವೆಯ ಕೆಳಗೆ ಒಬ್ಬ ರೋಗಿ: ಇದು ಅವರು ರೂಪಿಸಿದ ವ್ಯವಸ್ಥೆ. ಸಾಮಾನ್ಯ ಗಾಜು ನೇರಳಾತೀತವನ್ನು ತಡೆಯುವುದರಿಂದ ಕ್ವಾರ್ಟ್ಸ್ ಮಸೂರಗಳನ್ನು ಬಳಸಿದರು. ಕೊಳವೆಯೊಳಗೆ ತುಂಬಿದ ನೀರು ಅವಕೆಂಪು ಶಾಖವನ್ನು ಹೀರುತ್ತಿತ್ತು. ರೋಗಿಯ ಚರ್ಮಕ್ಕೆ ಒತ್ತಿ ಹಿಡಿಯುವ ಕ್ವಾರ್ಟ್ಸ್ ಬಿಲ್ಲೆಯೂ ಟೊಳ್ಳಾಗಿದ್ದು, ಅದರೊಳಗೆ ತಣ್ಣೀರು ಹರಿಯುತ್ತಿತ್ತು. ಒಂದೇ ಬಿಲ್ಲೆ ರಕ್ತವನ್ನೂ ದೂಡಿತು, ಚರ್ಮವನ್ನೂ ತಂಪಾಗಿಸಿತು.

ಆ ಬಿಲ್ಲೆಯನ್ನು ಹಿಡಿದವರು ದಾದಿಯರು. ಕಪ್ಪು ಕನ್ನಡಕ ಧರಿಸಿ, ಒಂದೊಂದು ರೋಗಿಯ ಬಳಿ ಒಬ್ಬೊಬ್ಬರು, ಒಂದು ಗಂಟೆ ಅಥವಾ ಹೆಚ್ಚು ಕಾಲ ಕೈ ಅಲುಗಿಸದೆ ಕೂರಬೇಕಿತ್ತು. ಒಂದು ಸರದಿಗೆ ಗುಣಪಡಿಸಬಹುದಾದ ಜಾಗ ಒಂದು ಸಣ್ಣ ನಾಣ್ಯದಷ್ಟು. ಇಡೀ ಕೆನ್ನೆಗೆ ತಿಂಗಳುಗಳು ಹಿಡಿಯುತ್ತಿದ್ದವು. ಫಿನ್ಸೆನ್‌ರ ಸಹಾಯಕ ಆಕ್ಸೆಲ್ ರೇನ್ ಮುಂದೆ ಒಬ್ಬನೇ ರೋಗಿಗೆ ಸಾಲುವ, ಸುಮಾರು 20 ಆಂಪಿಯರ್‌ಗಳ ಸಣ್ಣ ದೀಪವನ್ನು ರೂಪಿಸಿದ ಮೇಲೆಯೇ ದೊಡ್ಡ ವಿದ್ಯುತ್ ವ್ಯವಸ್ಥೆಯಿಲ್ಲದ ಆಸ್ಪತ್ರೆಗಳಿಗೂ ಈ ಚಿಕಿತ್ಸೆ ಎಟುಕಿತು.

ಸಂಸ್ಥೆ ಮತ್ತು ಪ್ರಸಾರ

1896ರಲ್ಲಿ ಉದ್ಯಮಿಗಳಾದ ಹಾಗೆಮನ್ ಮತ್ತು ವಿಲ್‌ಹೆಲ್ಮ್ ಯೋರ್ಗೆನ್ಸೆನ್ ಅವರ ನೆರವಿನಿಂದ ಫಿನ್ಸೆನ್ ವೈದ್ಯಕೀಯ ಬೆಳಕಿನ ಸಂಸ್ಥೆ ಆರಂಭವಾಯಿತು. 1898ರಲ್ಲಿ ಫಿನ್ಸೆನ್‌ರಿಗೆ ಪ್ರಾಧ್ಯಾಪಕ ಪದವಿ ದೊರೆಯಿತು. 1901ರ ವೇಳೆಗೆ ಸುಮಾರು 800 ಲೂಪಸ್ ರೋಗಿಗಳು ಅಲ್ಲಿ ಚಿಕಿತ್ಸೆ ಪಡೆದಿದ್ದರು. ಬಹುಪಾಲು ಮಂದಿಗೆ ಗುಣ ಕಂಡಿತ್ತು. ಡೆನ್ಮಾರ್ಕಿನ ರಾಜಪುತ್ರಿಯಾಗಿ ಹುಟ್ಟಿ ಇಂಗ್ಲೆಂಡಿನ ಸೊಸೆಯಾದ ಅಲೆಕ್ಸಾಂಡ್ರಾ, 1900ರಲ್ಲಿ ಲಂಡನ್ ಆಸ್ಪತ್ರೆಗೆ ಮೊದಲ ಫಿನ್ಸೆನ್ ದೀಪವನ್ನು ಕೊಡುಗೆಯಾಗಿತ್ತರು. ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಆ ಆಸ್ಪತ್ರೆಯ ಆವರಣದಲ್ಲಿರುವ ರಾಣಿಯ ಪ್ರತಿಮೆಯ ಪೀಠದಲ್ಲಿ ಈ ಸಂಗತಿಯನ್ನು ಕೆತ್ತಿದ್ದಾರೆ. ಬ್ರಿಟನ್ನಿನಲ್ಲಿರುವ ಓದುಗರು ಅತ್ತ ಹೋದಾಗ ನೋಡಬಹುದು. ನಾನು ಅದರ ಮುಂದೆ ಒಂದಕ್ಕಿಂತ ಹೆಚ್ಚು ಬಾರಿ ನಿಂತಿದ್ದೇನೆ.

ಕೊನೆಯ ಲೆಕ್ಕ

ಸಂಸ್ಥೆ ಬೆಳೆದಂತೆ ಅದರ ಸ್ಥಾಪಕರ ದೇಹ ಕುಗ್ಗುತ್ತಿತ್ತು. ಕೊನೆಯ ವರ್ಷಗಳನ್ನು ಅವರು ಗಾಲಿಕುರ್ಚಿಯಲ್ಲಿ ಕಳೆದರು. ಜಲೋದರದ ನೀರನ್ನು ಮತ್ತೆ ಮತ್ತೆ ತೆಗೆಸಿಕೊಳ್ಳಬೇಕಾಯಿತು. ಆಗಲೂ ಅವರು ರೋಗಿಯಷ್ಟೇ ಆಗಿ ಉಳಿಯಲಿಲ್ಲ. ತಾವು ತಿಂದ ಆಹಾರ, ಕುಡಿದ ನೀರು, ಸೇವಿಸಿದ ಉಪ್ಪು, ಹೊರಹೋದ ಮೂತ್ರ, ದೇಹದ ತೂಕ ಎಲ್ಲವನ್ನೂ ಅಳೆದು ಬರೆದಿಟ್ಟರು. ಉಪ್ಪು ದೇಹದಲ್ಲಿ ಸಂಗ್ರಹವಾದಂತೆ ನೀರೂ ನಿಲ್ಲುತ್ತದೆ ಎಂಬುದನ್ನು ಕಂಡು, ಉಪ್ಪನ್ನೂ ನೀರನ್ನೂ ಮಿತಗೊಳಿಸಿದರು. 1904ರಲ್ಲಿ ಪ್ರಕಟವಾದ ಅವರ ಕೊನೆಯ ವೈಜ್ಞಾನಿಕ ಬರಹ ಇದನ್ನೇ ಕುರಿತದ್ದು. ಇಂದು ನಾವು ಹೃದಯ ವೈಫಲ್ಯದ ರೋಗಿಗೆ ಉಪ್ಪು ಕಡಿಮೆ ಮಾಡಿ, ದಿನವೂ ತೂಕ ನೋಡಿಕೊಳ್ಳಿ ಎನ್ನುವಾಗ ಹೇಳುವುದೂ ಇದನ್ನೇ.

ನೊಬೆಲ್ ಪ್ರದಾನಕ್ಕೆ ಅವರು ಹೋಗಲಾಗಲಿಲ್ಲ; ಉಪನ್ಯಾಸವೂ ನಡೆಯಲಿಲ್ಲ. ಬಂದ ಹಣದಲ್ಲಿ ದೊಡ್ಡ ಪಾಲನ್ನು ತಮ್ಮ ಬೆಳಕಿನ ಸಂಸ್ಥೆಗೂ, ಹೃದಯ ಮತ್ತು ಯಕೃತ್ತಿನ ರೋಗಿಗಳಿಗಾಗಿ ತಾವು ತೆರೆದಿದ್ದ ಆರೋಗ್ಯಧಾಮಕ್ಕೂ ಕೊಟ್ಟರು. 1904ರ ಸೆಪ್ಟೆಂಬರ್ 24ರಂದು, 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಶವವನ್ನು ಪರೀಕ್ಷಿಸಬೇಕೆಂಬುದು ಅವರ ಇಚ್ಛೆಯಾಗಿತ್ತು; ಅದರಂತೆಯೇ ನಡೆಯಿತು.

ಗುಣವಾಯಿತು, ಕಾರಣ ಬೇರೆ

2005ರಲ್ಲಿ ಡೇನಿಷ್ ಸಂಶೋಧಕರು ಫಿನ್ಸೆನ್‌ರ ಹಳೆಯ ದೀಪಗಳ ಮಸೂರ ವ್ಯವಸ್ಥೆಯನ್ನು ಅಳೆದು ನೋಡಿದರು. 340 ನ್ಯಾನೊಮೀಟರ್‌ಗಿಂತ ಚಿಕ್ಕ ತರಂಗಾಂತರದ ಬೆಳಕು ಅದರಿಂದ ಹೊರಬರುತ್ತಲೇ ಇರಲಿಲ್ಲ. ಅಣುಜೀವಿಗಳನ್ನು ನೇರವಾಗಿ ಕೊಲ್ಲುವ ಕಿರಣಗಳು ಅದಕ್ಕಿಂತ ಬಹಳ ಚಿಕ್ಕವು. ಹಾಗಾದರೆ ರೋಗ ಗುಣವಾದುದು ಹೇಗೆ? ಕ್ಷಯಾಣು ತನ್ನೊಳಗೆ ಪಾರ್ಫಿರಿನ್ ಎಂಬ ವರ್ಣವಸ್ತುವನ್ನು ಇಟ್ಟುಕೊಂಡಿರುತ್ತದೆ. ಅದು 400 ನ್ಯಾನೊಮೀಟರ್ ಸುತ್ತಲಿನ ನೇರಳೆ ಬೆಳಕನ್ನು ಹೀರಿ, ಉಗ್ರವಾದ ಆಮ್ಲಜನಕವನ್ನು ಹುಟ್ಟಿಸಿ, ತನ್ನನ್ನು ಹೊತ್ತ ಅಣುವನ್ನೇ ನಾಶಪಡಿಸುತ್ತದೆ ಎಂಬುದು ಅವರ ವಿವರಣೆ. ಫಿನ್ಸೆನ್‌ರ ಸಿದ್ಧಾಂತ ಅಪೂರ್ಣವಾಗಿತ್ತು; ಮಾಯ್ದ ಮುಖಗಳು ನಿಜವಾಗಿದ್ದವು.

ಮನೆಯಲ್ಲಿ ಪೆಟ್ಟಿಗೆ ಕಟ್ಟುವವರಿಗೆ ಈ ಸಂಖ್ಯೆ ಪರಿಚಿತ. ರಾಳ ಗಟ್ಟಿಗೊಳಿಸುವ ಎಲ್‌ಇಡಿಗಳು ಹೆಚ್ಚಾಗಿ 405 ನ್ಯಾನೊಮೀಟರ್‌ನವು. ಶಕ್ತಿಯ ಪ್ರಮಾಣ ಇಳಿದಿದೆ, ನಿಯಮಗಳು ಇಳಿದಿಲ್ಲ. 24 ವೋಲ್ಟ್‌ಗಳ 48 ವ್ಯಾಟ್ ಪಟ್ಟಿ 2 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಕಾಲುಭಾಗ ಹೆಚ್ಚಿನ, ಅಂದರೆ 60 ವ್ಯಾಟ್‌ಗಳ ಅಡಾಪ್ಟರ್ ಇರಲಿ. ಬಿಸಿಯಾದ ಎಲ್‌ಇಡಿಯೂ ಆರ್ಕ್‌ನಂತೆಯೇ ಹೆಚ್ಚು ಪ್ರವಾಹವನ್ನು ಎಳೆಯುವ ಸ್ವಭಾವದ್ದು. ಪಟ್ಟಿಗಳಲ್ಲಿ ಅದನ್ನು ತಡೆಯುವ ರೋಧಕಗಳು ಇರುತ್ತವೆ, ಬಿಡಿ ಎಲ್‌ಇಡಿಗಳಿಗೆ ಸ್ಥಿರ ಪ್ರವಾಹದ ಡ್ರೈವರ್ ಬೇಕು. 2 ಆಂಪಿಯರ್ ಬಳಕೆಗೆ 3 ಆಂಪಿಯರ್ ಫ್ಯೂಸ್, ಆ ಫ್ಯೂಸಿಗಿಂತ ಹೆಚ್ಚು ತಾಳುವ ತಂತಿ ಹಾಕಬೇಕು. ಗೋಡೆಯ ವಿದ್ಯುತ್ತನ್ನು ಪೆಟ್ಟಿಗೆಯೊಳಕ್ಕೆ ತರದೆ ಮುಚ್ಚಿದ ಅಡಾಪ್ಟರನ್ನು ಹೊರಗಿಡುವುದು ಕ್ಷೇಮ. ತರಲೇಬೇಕಾದರೆ ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಕಡ್ಡಾಯ. ಬಾಗಿಲು ತೆರೆದೊಡನೆ ದೀಪ ಆರುವ ಸ್ವಿಚ್ಚನ್ನು ಮರೆಯಬಾರದು. 405 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಮಂಕಾಗಿ ಕಂಡರೂ ಅಕ್ಷಿಪಟಲವನ್ನು ತಲುಪಬಲ್ಲದು. ಹಸಿ ರಾಳ ಚರ್ಮಕ್ಕೆ ಅಲರ್ಜಿ ತರುತ್ತದೆ, ಕೈಗವಸು ಬೇಕು. ಡಾಕ್ಸಿಸೈಕ್ಲಿನ್‌ನಂತಹ ಔಷಧಿ ಸೇವಿಸುವವರೂ, ಪಾರ್ಫಿರಿಯಾ ರೋಗವಿರುವವರೂ ಇಂತಹ ಬೆಳಕಿಗೆ ಚರ್ಮವನ್ನು ಒಡ್ಡಲೇಬಾರದು. ಕ್ಷಯಾಣುವನ್ನು ಕೊಂದ ಅದೇ ವರ್ಣವಸ್ತು ಪಾರ್ಫಿರಿಯಾ ರೋಗಿಯ ಚರ್ಮವನ್ನು ಸುಡುತ್ತದೆ.

ಪಾದರಸದ ದೀಪಗಳು ಬಂದು ಆರ್ಕ್ ದೀಪವನ್ನು ಹಿಂದೆ ಹಾಕಿದವು. 1940ರ ದಶಕದ ಸ್ಟ್ರೆಪ್ಟೊಮೈಸಿನ್ ಮತ್ತು 1952ರ ಐಸೊನಿಯಾಜಿಡ್ ಬಂದ ಮೇಲೆ ಲೂಪಸ್‌ಗೆ ಬೆಳಕೇ ಬೇಡವಾಯಿತು. ಆದರೆ ಬೆಳಕನ್ನು ಅಳೆದು, ಸೋಸಿ, ಔಷಧಿಯಂತೆ ಪ್ರಮಾಣಬದ್ಧವಾಗಿ ಕೊಡಬಹುದೆಂಬ ತಿಳಿವು ಉಳಿಯಿತು. ತೊನ್ನು ಮತ್ತು ಸೋರಿಯಾಸಿಸ್ ರೋಗಿಗಳು ಇಂದು ನಿಲ್ಲುವ 311 ನ್ಯಾನೊಮೀಟರ್ ದೀಪಗಳ ಕಪಾಟು ಆ ತಿಳಿವಿನ ಫಲ. 1958ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯ ವೈದ್ಯರು ನವಜಾತ ಶಿಶುಗಳ ಕಾಮಾಲೆಗೆ ನೀಲಿ ಬೆಳಕಿನ ಚಿಕಿತ್ಸೆಯನ್ನು ವರದಿ ಮಾಡಿದರು. ನಮ್ಮೂರಿನ ಹೆರಿಗೆ ಆಸ್ಪತ್ರೆಯಿರಲಿ, ನಾವು ನೆಲೆಸಿರುವ ನಾಡಿನದಿರಲಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದಡಿ ಮಲಗಿಸಿದ ಹಳದಿ ಮೈಯ ಕೂಸನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಬೆಳಕಿನ ಪ್ರಮಾಣ, ಕಣ್ಣಿನ ರಕ್ಷಣೆ, ಶಾಖದ ನಿವಾರಣೆ ಎಂಬ ಮೂರು ಎಚ್ಚರಿಕೆಗಳನ್ನು ಅಲ್ಲಿ ಇಂದಿಗೂ ದಾದಿಯರೇ ಪಾಲಿಸುತ್ತಿದ್ದಾರೆ.